ಲಾಯದ ಲೆಕ್ಕ: ಎರಡು ತುಂಡು ಚಾಕೊಲೇಟ್

ಭಾಗ 1/9

ಸ್ವೈಪ್ ಮಾಡೋ ಮುಂಚೆ ಮೊದಲನೇ ಫೋಟೊ ಸ್ವಲ್ಪ ಜೂಮ್ ಮಾಡಿ. ಹಳೇ ನೋಟ್‌ಬುಕ್, ಕೆಂಪು ಬೈಂಡಿಂಗ್, ಮೂಲೆಯಲ್ಲಿ ಬೂಸದ ಧೂಳು. ಇದು ನಮ್ಮಪ್ಪನ ಮೇವಿನ ರಿಜಿಸ್ಟರ್. ಯಾವ ಕುದುರೆಗೆ ಎಷ್ಟು ಹುಲ್ಲು, ಎಷ್ಟು ದಾನಾ, ಎಷ್ಟು ಉಪ್ಪು ಅಂತ ಅಪ್ಪ ದಿನಾ ಬರೀತಾರೆ. ಆ ಪೇಜಲ್ಲಿ ಕೆಳಗಿಂದ ಮೂರನೇ ಸಾಲು ಓದಿ:

"ಮಂಗಳವಾರ ಸಂಜೆ. ಕಾವೇರಿ. ಚಾಕೊಲೇಟ್ ಎರಡು ತುಂಡು. ಕೊಟ್ಟವರು: ನನ್ನ ಮಗಳು."

ಆ ಮಗಳು ನಾನೇ.

ನನ್ನ ಕ್ಲಾಸಲ್ಲಿ ತುಂಬಾ ಜನಕ್ಕೆ ನಮ್ಮಪ್ಪ ಏನ್ ಕೆಲಸ ಮಾಡ್ತಾರೆ ಅಂತ ಗೊತ್ತಿಲ್ಲ. ನಾನೇ ಹೇಳಿರಲಿಲ್ಲ. ಅಪ್ಪ ಸೈಸ್. ಅಂದ್ರೆ ಕುದುರೆ ನೋಡ್ಕೊಳ್ಳೋರು. ಊರ ಹೊರಗೆ ಒಂದು ಸವಾರಿ ಶಾಲೆ ಇದೆ, ಅದರ ಲಾಯದ ಹಿಂದೆ ಎರಡು ರೂಮಿನ ಮನೆ ನಮ್ಮದು. ನಾನು ಕಾಸ್ಟಿಂಗ್ ಪ್ರಾಬ್ಲಮ್ ಬಿಡಿಸೋದು ಕುದುರೆ ಸೀನೋ ಸದ್ದಿನ ಮಧ್ಯೆ.

"ನೀನು ಕುದುರೆ ಬಗ್ಗೆ ಬರಿ" ಅಂತ ಎಷ್ಟೋ ಜನ ಡಿಎಂ ಮಾಡಿದ್ರಿ. ರೀಲ್ಸ್ ಹಾಕೋದು ಸುಲಭ, ಓಡ್ತಿರೋ ಕುದುರೆ, ಹಿಂದೆ ಒಂದು ಹಾಡು, ಮುಗೀತು. ಆದ್ರೆ ನನಗೆ ಬರೀಬೇಕು ಅನ್ನಿಸಿದ್ದು ಓಟದ ಬಗ್ಗೆ ಅಲ್ಲ, ಊಟದ ಬಗ್ಗೆ. ಎಂಡ್ಯೂರೆನ್ಸ್ ರೈಡಿಂಗ್ ಅನ್ನೋ ದೂರದೋಟದ ಸ್ಪರ್ಧೆಯಲ್ಲಿ ಕುದುರೆ ಏನು ತಿನ್ನಬಹುದು, ಏನು ತಿನ್ನಬಾರದು, ಯಾಕೆ. ಬೋರಿಂಗ್ ಅನ್ಸುತ್ತೆ ಅಲ್ವಾ? ನನಗೂ ಹಂಗೇ ಅನ್ಸಿತ್ತು, ನನ್ನ ಕೈಯಿಂದಲೇ ಒಬ್ಬರ ಎಂಟು ತಿಂಗಳ ಶ್ರಮ ಹೋಗೋವರೆಗೂ.

ಒಂಬತ್ತು ಭಾಗ ಇದೆ. ದಿನಕ್ಕೊಂದು ಹಾಕ್ತೀನಿ. ನನ್ನ ತಪ್ಪಿನ ಕಥೆ ಏಳನೇ ಭಾಗದಲ್ಲಿ. ನೇರ ಅಲ್ಲಿಗೆ ಹೋಗ್ಬೇಡಿ. ನಿಯಮ ಯಾಕಿದೆ ಅಂತ ತಿಳೀದೆ ಓದಿದ್ರೆ "ಅಯ್ಯೋ, ಚಾಕೊಲೇಟ್ ತಾನೇ" ಅಂತೀರ. ನಾನೂ ಅದನ್ನೇ ಅಂದಿದ್ದೆ.

ಭಾಗ 2/9

ಮೊದಲು ಈ ಆಟ ಏನು ಅಂತ ನೋಡೋಣ.

ರೇಸ್‌ಕೋರ್ಸಲ್ಲಿ ಕುದುರೆ ಓಡೋದು ಎರಡು ಮೂರು ನಿಮಿಷ. ಎಂಡ್ಯೂರೆನ್ಸಲ್ಲಿ ಗಂಟೆಗಟ್ಟಲೆ. ಎಫ್‌ಇಐ ಅಂತ ಅಂತರರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟ ಇದೆ, 1921ರಲ್ಲಿ ಶುರುವಾಗಿದ್ದು. ಅದರ ದೊಡ್ಡ ಸ್ಪರ್ಧೆಗಳಲ್ಲಿ ಒಂದೇ ದಿನಕ್ಕೆ 160 ಕಿ.ಮೀ. ಮೈಸೂರಿಂದ ಬೆಂಗಳೂರಿಗೆ ಹೋಗಿ, ಇನ್ನೂ ಸ್ವಲ್ಪ ದೂರ ಹೋದಷ್ಟು. ಒಂದೇ ಕುದುರೆ, ಒಬ್ಬರೇ ಸವಾರರು.

ಈ ಆಟದ ಅಜ್ಜ ಅಂದ್ರೆ ಅಮೆರಿಕದ ಟೆವಿಸ್ ಕಪ್. ಕ್ಯಾಲಿಫೋರ್ನಿಯಾದ ಟಾಹೋ ಸರೋವರದ ಕಡೆಯಿಂದ ಆಬರ್ನ್ ಊರಿನವರೆಗೆ ಬೆಟ್ಟದ ದಾರಿಯಲ್ಲಿ 100 ಮೈಲಿ, 24 ಗಂಟೆ ಒಳಗೆ. 1955ರಲ್ಲಿ ವೆಂಡೆಲ್ ರೋಬಿ ಅನ್ನೋರು ಕೆಲವು ಗೆಳೆಯರ ಜೊತೆ ಶುರು ಮಾಡಿದ್ದು. ಹೊರಟವರಲ್ಲಿ ಸುಮಾರು ಅರ್ಧದಷ್ಟು ಜನ ಮಾತ್ರ ಮುಗಿಸ್ತಾರೆ. ಮುಗಿಸಿದವರಿಗೆ ಒಂದು ಬೆಳ್ಳಿ ಬಕಲ್. ಅಲ್ಲಿನ ಎಂಡ್ಯೂರೆನ್ಸ್ ಸಂಘದ ಧ್ಯೇಯವಾಕ್ಯದ ಅರ್ಥ ಇಷ್ಟೇ: ಮುಗಿಸಿದ್ರೆ ಗೆದ್ದ ಹಾಗೆ.

ನಮಗೆ ಹತ್ತಿರದ ಉದಾಹರಣೆ ಬೇಕಾ? ಕೇರಳದ ಮಲಪ್ಪುರಂ ಜಿಲ್ಲೆಯ ನಿದಾ ಅಂಜುಮ್ ಚೇಲಾಟ್. 2023ರಲ್ಲಿ ಫ್ರಾನ್ಸಿನಲ್ಲಿ ನಡೆದ ಕಿರಿಯರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 120 ಕಿ.ಮೀ. ಪೂರ್ತಿ ಮಾಡಿದ್ರು, ಸುಮಾರು ಏಳೂವರೆ ಗಂಟೆಯಲ್ಲಿ. ಹೀಗೆ ಮುಗಿಸಿದ ಮೊದಲ ಭಾರತೀಯರು ಅವರೇ. ನಮ್ಮದೇ ವಯಸ್ಸಿನವರು ಕಣ್ರೀ!

ಈ ಆಟದಲ್ಲಿ ನಿಜವಾದ ಅಂಪೈರ್ ಅಂದ್ರೆ ಪಶುವೈದ್ಯರು. ದಾರೀನ ಹಂತಗಳಾಗಿ ಒಡೆದಿರ್ತಾರೆ. ಪ್ರತಿ ಹಂತ ಮುಗಿದಾಗ ತಪಾಸಣೆ. ನಿಗದಿ ಮಾಡಿದ ನಿಮಿಷದೊಳಗೆ ಕುದುರೆಯ ಎದೆಬಡಿತ ಸಾಮಾನ್ಯವಾಗಿ ನಿಮಿಷಕ್ಕೆ 64ಕ್ಕೆ ಇಳೀಬೇಕು. ಆಮೇಲೆ ಒಸಡಿನ ಬಣ್ಣ ನೋಡ್ತಾರೆ, ಚರ್ಮ ಚಿವುಟಿ ಎಷ್ಟು ಬೇಗ ವಾಪಸ್ ಹೋಗುತ್ತೆ ಅಂತ ನೋಡ್ತಾರೆ, ಹೊಟ್ಟೆಗೆ ಸ್ಟೆತಸ್ಕೋಪ್ ಇಟ್ಟು ಕರುಳಿನ ಸದ್ದು ಕೇಳ್ತಾರೆ, ಓಡಿಸಿ ಕುಂಟುತ್ತಾ ನೋಡ್ತಾರೆ. ಪಾಸ್ ಆದ್ರೆ ಕಡ್ಡಾಯ ವಿಶ್ರಾಂತಿ, ಆಮೇಲೆ ಮುಂದಿನ ಹಂತ. ಫೇಲ್ ಆದ್ರೆ ನೀವು ಮೊದಲನೇ ಸ್ಥಾನದಲ್ಲಿದ್ರೂ ಮನೆಗೆ. ಕೊನೇ ಗೆರೆ ದಾಟಿದ ಮೇಲೂ ಈ ತಪಾಸಣೆ ಇದೆ.

ಕರುಳಿನ ಸದ್ದು ಅಂದೆನಲ್ಲ, ಅದನ್ನ ನೆನಪಿಟ್ಕೊಳ್ಳಿ. ಮುಂದಿನ ಭಾಗ ಅದರದ್ದೇ.

ಭಾಗ 3/9

ಫೋಟೊದಲ್ಲಿ ಹುಲ್ಲು. ಬರೀ ಹುಲ್ಲು. ಇದಕ್ಕೂ ಒಂದು ಪೋಸ್ಟಾ ಅಂತ ಬೈಕೋಬೇಡಿ.

ಕುದುರೆ ಹೊಟ್ಟೆ ತುಂಬಾ ಸಣ್ಣದು. ಅಷ್ಟು ದೊಡ್ಡ ಪ್ರಾಣಿಗೆ ಜಠರ ಹಿಡಿಯೋದು ಒಂದು ಬಕೆಟ್‌ನಷ್ಟು. ನಿಜವಾದ ಅಡುಗೆಮನೆ ಇರೋದು ಹಿಂದೆ, ದೊಡ್ಡ ಕರುಳಿನಲ್ಲಿ. ಅಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳು ಹುಲ್ಲಿನ ನಾರನ್ನ ಹುದುಗಿಸಿ ಶಕ್ತಿ ಮಾಡ್ತವೆ. ದೋಸೆ ಹಿಟ್ಟು ರಾತ್ರಿಯಿಡೀ ಹುದುಗುತ್ತಲ್ಲ, ಹಾಗೆ, ಆದ್ರೆ ದಿನದ 24 ಗಂಟೆ.

ಇದ್ರಿಂದ ಮೂರು ಮುಖ್ಯ ವಿಷಯ ಬರುತ್ತೆ.

ಒಂದು, ಹುಲ್ಲೇ ಮೊದಲು. ದಿನಕ್ಕೆ ಕುದುರೆ ತೂಕದ ನೂರಕ್ಕೆ ಒಂದೂವರೆ ಭಾಗವಾದ್ರೂ ಒಣ ಮೇವು ಬೇಕು. 450 ಕೆ.ಜಿ. ಕುದುರೆಗೆ ಸುಮಾರು ಆರೂಮುಕ್ಕಾಲು ಕೆ.ಜಿ. ಅದಕ್ಕಿಂತ ಜಾಸ್ತಿ ಆದ್ರೆ ಇನ್ನೂ ಒಳ್ಳೇದು. ಉಳಿದದ್ದೆಲ್ಲ ಆಮೇಲೆ.

ಎರಡು, ದೂರದೋಟದ ಕುದುರೆಗೆ ಆ ದೊಡ್ಡ ಕರುಳು ಒಂದು ನೀರಿನ ಟ್ಯಾಂಕ್ ಇದ್ದ ಹಾಗೆ. ನಾರು ನೀರನ್ನ, ಲವಣವನ್ನ ಹಿಡಿದಿಟ್ಟುಕೊಳ್ಳುತ್ತೆ. ಬೆವರಿ ನೀರು ಕಡಿಮೆ ಆದಾಗ ಮೈ ಅಲ್ಲಿಂದ ಎಳ್ಕೊಳ್ಳುತ್ತೆ. ಹಾಗಾಗಿ ಸ್ಪರ್ಧೆಯ ಹಿಂದಿನ ರಾತ್ರಿ "ಹಗುರವಾಗಿರ್ಲಿ" ಅಂತ ಹುಲ್ಲು ಕಮ್ಮಿ ಮಾಡೋದು ಟ್ಯಾಂಕ್ ಖಾಲಿ ಮಾಡಿ ಹೊರಟ ಹಾಗೆ.

ಮೂರು, ಕುದುರೆ ಜಠರದಲ್ಲಿ ಆಮ್ಲ ಸದಾ ಸುರೀತಾನೇ ಇರುತ್ತೆ, ಊಟ ಇರಲಿ ಬಿಡಲಿ. ಖಾಲಿ ಹೊಟ್ಟೇಲಿ ಓಡಿಸಿದ್ರೆ ಹುಣ್ಣಾಗುತ್ತೆ. ಅದಕ್ಕೇ ವಿಶ್ರಾಂತಿ ಸಮಯದಲ್ಲಿ ಮೊದಲು ಮುಂದಿಡೋದು ಹುಲ್ಲು, ನೀರು.

ಇನ್ನೊಂದು ಗೊತ್ತಾ? ಕುದುರೆ ವಾಂತಿ ಮಾಡೋಕೆ ಆಗಲ್ಲ. ಒಳಗೆ ಹೋದದ್ದು ಮುಂದಕ್ಕೇ ಹೋಗ್ಬೇಕು. ತಪ್ಪು ಮೇವು ತಿಂದ್ರೆ ಹೊಟ್ಟೆನೋವು ಬರುತ್ತೆ, ಲಾಯದಲ್ಲಿ ಕಾಲಿಕ್ ಅಂತಾರೆ. ಅದು ಪ್ರಾಣಕ್ಕೇ ಕುತ್ತು. ಹಾಗಾಗಿ ಹೊಸ ಮೇವು ಏನೇ ಇದ್ರೂ ಒಂದರಿಂದ ಎರಡು ವಾರದಲ್ಲಿ ಸ್ವಲ್ಪ ಸ್ವಲ್ಪವೇ ಬದಲಾಯಿಸ್ಬೇಕು. ಸ್ಪರ್ಧೆ ದಿನ ಹೊಸದು ಏನೂ ಕೊಡಬಾರದು. ಅಪ್ಪ ಹೇಳೋದು, "ಪರೀಕ್ಷೆ ದಿನ ಹೊಸ ಪೆನ್ನು ತಗೊಂಡು ಹೋಗ್ತೀಯಾ?"

ಭಾಗ 4/9

ಇವತ್ತು ಬೆವರಿನ ಕಥೆ. ನನಗೆ ಈ ಇಡೀ ವಿಷಯದಲ್ಲಿ ತುಂಬಾ ಆಶ್ಚರ್ಯ ಆಗಿದ್ದು ಇದೇ.

ನಾವು ಬೆವರಿದಾಗ ಉಪ್ಪಿಗಿಂತ ನೀರು ಜಾಸ್ತಿ ಹೋಗುತ್ತೆ. ರಕ್ತ ಗಟ್ಟಿ ಆಗುತ್ತೆ, ಮಿದುಳಿಗೆ ಸಿಗ್ನಲ್ ಹೋಗುತ್ತೆ, ಬಾಯಾರಿಕೆ ಆಗುತ್ತೆ. ಕುದುರೆ ಬೆವರು ಹಾಗಲ್ಲ. ಅದರ ಬೆವರಲ್ಲಿ ಉಪ್ಪಿನಂಶ ರಕ್ತದಷ್ಟೇ, ಕೆಲವು ಸಲ ಅದಕ್ಕಿಂತ ಜಾಸ್ತಿ. ಲೀಟರಿಗೆ ಸುಮಾರು 10 ಗ್ರಾಂ. ನೀರು, ಉಪ್ಪು ಎರಡೂ ಒಟ್ಟಿಗೆ ಹೋಗೋದ್ರಿಂದ ರಕ್ತದ ಲೆಕ್ಕ ತಾಳೆ ಆಗೇ ಇರುತ್ತೆ. ಅದಕ್ಕೇ ಮೈಯಲ್ಲಿ ನೀರು ಕಮ್ಮಿ ಆಗಿದ್ರೂ ಕುದುರೆಗೆ ಬಾಯಾರಿಕೆ ಅನ್ಸೋದೇ ಇಲ್ಲ!

ಬಿಕಾಂನವರಿಗೆ ಅರ್ಥ ಆಗೋ ಹಾಗೆ ಹೇಳ್ತೀನಿ. ಟ್ರಯಲ್ ಬ್ಯಾಲೆನ್ಸ್ ಎರಡೂ ಕಡೆ ಟ್ಯಾಲಿ ಆಗಿದೆ, ಆದ್ರೆ ಎರಡೂ ಕಡೆ ಒಂದೇ ಮೊತ್ತ ಬಿಟ್ಟುಹೋಗಿದೆ. ನೋಡಿದ್ರೆ ಸರಿ ಇದೆ, ಒಳಗೆ ತಪ್ಪು.

ಸೆಕೆಗಾಲದಲ್ಲಿ ಜೋರಾಗಿ ಓಡೋ ಕುದುರೆ ಗಂಟೆಗೆ 10ರಿಂದ 15 ಲೀಟರ್‌ವರೆಗೂ ಬೆವರಬಹುದು. ಅದಕ್ಕೇ ಎಲೆಕ್ಟ್ರೊಲೈಟ್: ಸೋಡಿಯಂ, ಕ್ಲೋರೈಡ್, ಪೊಟ್ಯಾಸಿಯಂ, ಸ್ವಲ್ಪ ಕ್ಯಾಲ್ಸಿಯಂ, ಮೆಗ್ನೀಸಿಯಂ. ಇದು ನಿಯಮದ ಪ್ರಕಾರ ಕೊಡಬಹುದು. ಆದ್ರೆ ಬಾಯಿಂದ ಮಾತ್ರ. ದಾರಿಯಲ್ಲಿ ಕುದುರೆಗೆ ಡ್ರಿಪ್ ಹಾಕೋ ಸ್ಥಿತಿ ಬಂತು ಅಂದ್ರೆ ಅದರ ಸ್ಪರ್ಧೆ ಅಲ್ಲಿಗೇ ಮುಗೀತು.

ಕೊಡೋದಕ್ಕೂ ಕ್ರಮ ಇದೆ. ಪುಡಿನ ಹಿಸುಕಿದ ಸೇಬಿನ ಜೊತೆಗೋ ಎಣ್ಣೆ ಜೊತೆಗೋ ಕಲಸಿ, ಸೂಜಿ ಇಲ್ಲದ ದೊಡ್ಡ ಸಿರಿಂಜಲ್ಲಿ ನಾಲಿಗೆ ಮೇಲೆ ಹಾಕ್ತಾರೆ. ಒಂದೇ ಸಲ ಪೂರ್ತಿ ಅಲ್ಲ, ಸ್ವಲ್ಪ ಸ್ವಲ್ಪ. ಕುದುರೆ ನೀರು ಕುಡೀತಿದ್ರೆ ಮಾತ್ರ. ನೀರು ಮುಟ್ಟದೇ ಇರೋ ಕುದುರೆಗೆ ಉಪ್ಪು ತುಂಬಿಸಿದ್ರೆ, ಆ ಉಪ್ಪು ಮೈಯಲ್ಲಿರೋ ನೀರನ್ನೇ ಕರುಳಿಗೆ ಎಳೆಯುತ್ತೆ. ಸಹಾಯ ಅಂತ ಮಾಡಿದ್ದು ಇನ್ನೂ ಕೆಡಿಸುತ್ತೆ.

ಕ್ಯಾಲ್ಸಿಯಂ ಕಥೆ ಇನ್ನೂ ವಿಚಿತ್ರ. ಲೂಸರ್ನ್ ಅಂದ್ರೆ ನಮ್ಮ ಕಡೆ ಕುದುರೆ ಮಸಾಲೆ ಅಂತಾರಲ್ಲ, ಆ ಸೊಪ್ಪಲ್ಲಿ ಕ್ಯಾಲ್ಸಿಯಂ ಜಾಸ್ತಿ. ದಿನಾ ಅದನ್ನೇ ತುಂಬಾ ತಿಂದ ಕುದುರೆ ಮೈ, ಮೂಳೆಯಿಂದ ಕ್ಯಾಲ್ಸಿಯಂ ತೆಗೆಯೋ ಅಭ್ಯಾಸಾನೇ ಬಿಟ್ಟಿರುತ್ತೆ. ಸ್ಪರ್ಧೆ ದಿನ ಬೆವರಲ್ಲಿ ಕ್ಯಾಲ್ಸಿಯಂ ಹೋದಾಗ ತಕ್ಷಣ ತುಂಬಿಸೋಕೆ ಆಗಲ್ಲ. ಆಗ ಎದೆ ಬಡಿದ ಹಾಗೆಲ್ಲ ಪಕ್ಕೆ ಕುಪ್ಪಳಿಸೋಕೆ ಶುರುವಾಗುತ್ತೆ, ಬಿಕ್ಕಳಿಕೆ ಥರ. ಥಂಪ್ಸ್ ಅಂತಾರೆ. ಒಳ್ಳೇ ಸೊಪ್ಪೇ, ಆದ್ರೆ ಅಳತೆ ಇರ್ಬೇಕು.

ಭಾಗ 5/9

"ಹುರುಳಿಗೆ ಇಂಗ್ಲಿಷಲ್ಲಿ ಕುದುರೆ ಕಾಳು ಅಂತಾನೇ ಹೆಸರು, ಹಾಗಿದ್ರೆ ಅದನ್ನೇ ಚೆನ್ನಾಗಿ ತಿನ್ನಿಸಿದ್ರೆ ಚೆನ್ನಾಗಿ ಓಡುತ್ತಾ?" ಅಂತ ಒಬ್ರು ಕಾಮೆಂಟಲ್ಲಿ ಕೇಳಿದ್ರಿ. ಒಳ್ಳೇ ಪ್ರಶ್ನೆ.

ಹುರುಳಿ, ಓಟ್ಸ್, ಬಾರ್ಲಿ, ಬೂಸ ಇದನ್ನೆಲ್ಲ ಲಾಯದಲ್ಲಿ ಒಟ್ಟಾಗಿ ದಾನಾ ಅಂತಾರೆ. ಹಿಂದಿನಿಂದಲೂ ನಮ್ಮ ಕಡೆ ಕುದುರೆಗೆ ಹುರುಳಿ ಬೇಯಿಸಿ ಹಾಕ್ತಿದ್ರು. ಕೆಟ್ಟದ್ದೇನಲ್ಲ. ಪ್ರಶ್ನೆ ಎಷ್ಟು, ಯಾವಾಗ ಅನ್ನೋದು.

ಓಟ್ಸ್, ಬಾರ್ಲಿ ಥರದ ಧಾನ್ಯದಲ್ಲಿ ಪಿಷ್ಟ ಜಾಸ್ತಿ. ಸ್ಪರ್ಧೆ ಶುರುವಾಗೋ ಸ್ವಲ್ಪ ಮುಂಚೆ ದೊಡ್ಡ ಬಕೆಟ್ ದಾನಾ ತಿನ್ನಿಸಿದ್ರೆ ಇನ್ಸುಲಿನ್ ಏರುತ್ತೆ. ಇನ್ಸುಲಿನ್ ಏರಿದ್ರೆ ಮೈ ಕೊಬ್ಬನ್ನ ಉರಿಸೋದು ಕಮ್ಮಿ ಮಾಡುತ್ತೆ. ಆದ್ರೆ ದೂರದೋಟದ ಕುದುರೆಗೆ ಬೇಕಿರೋದೇ ಕೊಬ್ಬು ಉರಿಯೋದು. ಸಕ್ಕರೆ ಅಂಶ ಅಂದ್ರೆ ಕೈಯಲ್ಲಿರೋ ಕ್ಯಾಶ್, ಕೊಬ್ಬು ಅಂದ್ರೆ ಬ್ಯಾಂಕಲ್ಲಿರೋ ಡೆಪಾಸಿಟ್. ಮೊದಲನೇ ಹಂತದಲ್ಲೇ ಕ್ಯಾಶ್ ಎಲ್ಲಾ ಖರ್ಚು ಮಾಡಿ, ಡೆಪಾಸಿಟ್‌ಗೆ ಬೀಗ ಹಾಕಿದ್ರೆ ಕೊನೇ 40 ಕಿ.ಮೀ.ಗೆ ಏನಿರುತ್ತೆ? ಇನ್ನೊಂದು, ಖಾಲಿ ಆದ ಸ್ನಾಯುವಿನ ಸಕ್ಕರೆ ಸಂಗ್ರಹ ಕುದುರೆಯಲ್ಲಿ ಮತ್ತೆ ತುಂಬೋಕೆ ಎರಡು ಮೂರು ದಿನ ಬೇಕು. ಮಧ್ಯಾಹ್ನದ ವಿರಾಮದಲ್ಲಿ ತಿನ್ನಿಸಿ ತುಂಬಿಸ್ತೀನಿ ಅಂದ್ರೆ ಆಗಲ್ಲ.

ಹಾಗಾಗಿ ಅನುಭವ ಇರೋರು ಮಾಡೋದು ಹೀಗೆ:

ತಿಂಗಳುಗಳ ಮುಂಚೆ ದಾನಾ ಸ್ವಲ್ಪ ಇಳಿಸಿ ಅಡುಗೆ ಎಣ್ಣೆ ಸೇರಿಸ್ತಾರೆ. ಒಂದೇ ತೂಕಕ್ಕೆ ಎಣ್ಣೆಯಲ್ಲಿ ಧಾನ್ಯದ ಪಿಷ್ಟಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಶಕ್ತಿ. ಆದ್ರೆ ದಿನಕ್ಕೆ ಒಂದೆರಡು ಚಮಚದಿಂದ ಶುರು, ವಾರಗಟ್ಟಲೆ ಏರಿಸ್ತಾ ಹೋಗೋದು.

ಹಿಂದಿನ ರಾತ್ರಿ: ಹುಲ್ಲು, ಬೇಕಾದಷ್ಟು. ನೀರು, ಬೇಕಾದಷ್ಟು.

ಹೊರಡೋಕೆ ಮುಂಚಿನ ನಾಲ್ಕು ಗಂಟೆ: ದೊಡ್ಡ ದಾನಾ ಇಲ್ಲ. ಹುಲ್ಲು ಮಾತ್ರ.

ದಾರಿ ಮಧ್ಯೆ ವಿಶ್ರಾಂತಿಯಲ್ಲಿ: ಹುಲ್ಲು, ನೆನೆಸಿದ ತೆಳು ಬೂಸದ ಗಂಜಿ, ಕ್ಯಾರೆಟ್, ಸೇಬು. ನೆನೆಸಿ ಕೊಟ್ರೆ ಊಟದ ಜೊತೆ ನೀರೂ ಹೋಗುತ್ತೆ.

ಓಡ್ತಿರುವಾಗ ಮಾತ್ರ ಸಣ್ಣ ಪ್ರಮಾಣದ ದಾನಾ ತೊಂದರೆ ಮಾಡಲ್ಲ, ಯಾಕಂದ್ರೆ ಕೆಲಸ ಮಾಡ್ತಿರೋ ಮೈಯಲ್ಲಿ ಇನ್ಸುಲಿನ್ ಆ ಥರ ಏರಲ್ಲ.

ನೋಡಿದ್ರಾ, ಇದುವರೆಗೂ ಹೇಳಿದ್ದೆಲ್ಲ ಕುದುರೆಯ ಮೈ ಹಾಕಿದ ನಿಯಮ. ನಾಳೆ ಹೇಳೋದು ಕಾಗದದ ಮೇಲಿನ ನಿಯಮ.

ಭಾಗ 6/9

ಎಫ್‌ಇಐ ಹತ್ರ ಒಂದು ಪಟ್ಟಿ ಇದೆ. ಕುದುರೆ ಮೈಯಲ್ಲಿ ಸ್ಪರ್ಧೆ ವೇಳೆ ಇರಬಾರದ ವಸ್ತುಗಳ ಪಟ್ಟಿ. ಅದರಲ್ಲಿ ಎರಡು ಗುಂಪು. ಒಂದು, ಕ್ರೀಡೆಯ ಕುದುರೆಗೆ ಯಾವತ್ತೂ ಕೊಡಬಾರದ್ದು. ಇನ್ನೊಂದು, ಚಿಕಿತ್ಸೆಗೆ ಕೊಡಬಹುದು, ಆದ್ರೆ ಸ್ಪರ್ಧೆ ಹೊತ್ತಿಗೆ ಮೈಯಿಂದ ಪೂರ್ತಿ ಹೋಗಿರಬೇಕು.

ಔಷಧಿ ಅಂದ್ರೆ ಸರಿ, ಊಟಕ್ಕೂ ಇದಕ್ಕೂ ಏನು ಸಂಬಂಧ? ಇಲ್ಲೇ ಇರೋದು ವಿಷಯ. ಈ ಪಟ್ಟಿಯ ಎಷ್ಟೋ ವಸ್ತು ನಮ್ಮ ಅಡುಗೆಮನೆಯಲ್ಲಿ, ಹೊಲದ ಬದುವಿನಲ್ಲಿ ಇದೆ.

ಕಾಫಿ, ಟೀ, ಕೋಲಾದಲ್ಲಿ ಕೆಫೀನ್.
ಕೋಕೋದಲ್ಲಿ, ಅಂದ್ರೆ ಚಾಕೊಲೇಟಲ್ಲಿ, ಥಿಯೋಬ್ರೋಮಿನ್.
ಗಸಗಸೆ ಗಿಡದಲ್ಲಿ ಮಾರ್ಫಿನ್.
ದತ್ತೂರದಲ್ಲಿ ಅಟ್ರೋಪಿನ್. ಹುಲ್ಲು ಕೊಯ್ಯೋವಾಗ ಒಂದು ಗಿಡ ಸೇರ್ಕೊಂಡ್ರೆ ಸಾಕು.
ಮೊಳಕೆ ಬಂದ ಬಾರ್ಲಿಯಲ್ಲಿ ಹಾರ್ಡೆನಿನ್.
ಮೆಣಸಿನಕಾಯಿ ಖಾರದಲ್ಲಿ ಕ್ಯಾಪ್ಸೈಸಿನ್.

ಕೊನೇದು ತಮಾಷೆ ಅಲ್ಲ. 2008ರ ಬೀಜಿಂಗ್ ಒಲಿಂಪಿಕ್ಸ್. ಕುದುರೆ ಸ್ಪರ್ಧೆಗಳು ಹಾಂಗ್‌ಕಾಂಗಲ್ಲಿ ನಡೆದಿದ್ದವು. ಜಂಪಿಂಗ್‌ನ ನಾಲ್ಕು ಕುದುರೆಗಳಲ್ಲಿ ಕ್ಯಾಪ್ಸೈಸಿನ್ ಸಿಕ್ತು. ನಾರ್ವೆ ತಂಡ ಕೊರಳಿಗೆ ಹಾಕೊಂಡಿದ್ದ ಕಂಚಿನ ಪದಕ ವಾಪಸ್ ಹೋಯ್ತು, ಸ್ವಿಜರ್ಲೆಂಡ್‌ಗೆ ಸಿಕ್ತು.

2014, ಇಂಗ್ಲೆಂಡ್. ರಾಣಿ ಎರಡನೇ ಎಲಿಜಬೆತ್ ಅವರ ಎಸ್ಟಿಮೇಟ್ ಅನ್ನೋ ರೇಸ್ ಕುದುರೆ ಆಸ್ಕಟ್ ಗೋಲ್ಡ್ ಕಪ್‌ನಲ್ಲಿ ಎರಡನೇ ಸ್ಥಾನ. ಪರೀಕ್ಷೆಯಲ್ಲಿ ಮಾರ್ಫಿನ್. ಯಾರೂ ಬೇಕಂತ ಕೊಟ್ಟಿರಲಿಲ್ಲ, ಮೇವಿನಲ್ಲಿ ಕಲಬೆರಕೆ ಆಗಿತ್ತು. ಆದ್ರೂ ಸ್ಥಾನ ಹೋಯ್ತು, ಬಹುಮಾನದ ಹಣಾನೂ ಹೋಯ್ತು.

ನಮ್ಮ ಎಂಡ್ಯೂರೆನ್ಸಲ್ಲೇ 2009ರಲ್ಲಿ ದುಬೈ ಆಡಳಿತಗಾರರ ಕುದುರೆಯಲ್ಲಿ ನಿಷಿದ್ಧ ವಸ್ತು ಸಿಕ್ಕಿ, ಸವಾರಿ ಮಾಡಿದ್ದ ಅವರಿಗೇ ಆರು ತಿಂಗಳು ಅಮಾನತು ಆಯ್ತು. ಅದು ಮೇವಿನ ಕೇಸ್ ಅಲ್ಲ. ಆದ್ರೆ ಸವಾರರೇ ಹೊಣೆ ಅನ್ನೋ ತತ್ವ ರಾಜನಿಗೂ ಬಿಡಲಿಲ್ಲ.

ಆ ತತ್ವ ಏನಂದ್ರೆ: ವಸ್ತು ಸಿಕ್ಕಿದ್ರೆ ಸಾಕು. ಯಾಕೆ, ಹೇಗೆ ಅನ್ನೋದು ಶಿಕ್ಷೆ ಎಷ್ಟು ಅಂತ ತೀರ್ಮಾನ ಮಾಡೋಕೆ ಬರುತ್ತೆ, ಫಲಿತಾಂಶ ಉಳಿಸೋಕೆ ಬರಲ್ಲ. ಕುದುರೆ ನೋಡ್ಕೊಳ್ಳೋ ಸೈಸನ್ನೂ ಹೊಣೆಗಾರರ ಸಾಲಿಗೆ ಸೇರಿಸಬಹುದು.

ಆ ಕೊನೇ ವಾಕ್ಯ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಭಾಗ 7/9

ಈಗ ನನ್ನ ಕಥೆ.

ಕಾವೇರಿ ಕಂದು ಬಣ್ಣದ ಹೆಣ್ಣು ಕುದುರೆ. ಅದನ್ನ ಸವಾರಿ ಮಾಡ್ತಿದ್ದ ಅಕ್ಕ ಎಂಟು ತಿಂಗಳಿಂದ 40 ಕಿ.ಮೀ. ಸ್ಪರ್ಧೆಗೆ ತಯಾರಿ ಮಾಡಿದ್ರು. ಬೆಳಗ್ಗೆ ಐದಕ್ಕೆ ಬರೋರು, ಆಮೇಲೆ ಆಫೀಸ್. ಅದು ಅವರ ಮೊದಲನೇ ಸ್ಪರ್ಧೆ. ಶನಿವಾರ ಇತ್ತು.

ಅದೇ ವಾರ ಮಂಗಳವಾರ ಕ್ಲಾಸಲ್ಲಿ ಒಬ್ಬಳ ಬರ್ತ್‌ಡೇ. ನನ್ನ ಬ್ಯಾಗಲ್ಲಿ ಅರ್ಧ ಚಾಕೊಲೇಟ್ ಉಳಿದಿತ್ತು. ಸಂಜೆ ಲಾಯದ ಮುಂದೆ ಹಾದು ಹೋಗ್ತಿದ್ದೆ, ಕಾವೇರಿ ತಲೆ ಹೊರಗೆ ಹಾಕಿ ಬ್ಯಾಗ್ ಮೂಸಿತು. ಎರಡು ತುಂಡು ಅಂಗೈಲಿಟ್ಟು ಕೊಟ್ಟೆ. ನೆಕ್ಕಿ ನೆಕ್ಕಿ ತಿಂತು. ವಿಡಿಯೊ ಕೂಡ ಮಾಡ್ಕೊಂಡೆ. ಸ್ಟೋರಿ ಹಾಕಿದ್ದು ನಿಮ್ಮಲ್ಲಿ ಕೆಲವರು ನೋಡಿದ್ದೀರ, ಹಾರ್ಟ್ ಕೂಡ ಕಳ್ಸಿದ್ದೀರ.

ಗುರುವಾರ ರಾತ್ರಿ ಅಪ್ಪ ಒಂದು ಪ್ರಿಂಟ್‌ಔಟ್ ತಂದ್ರು. "ಇದೇನೋ ನಿಯಮ ಅಂತೆ ಪುಟ್ಟಿ, ಇಂಗ್ಲಿಷಲ್ಲಿದೆ, ಓದಿ ಹೇಳು." ನಾನು ಒಂದೊಂದೇ ಸಾಲು ಕನ್ನಡದಲ್ಲಿ ಹೇಳ್ತಾ ಹೋದೆ. ಅಪ್ಪ ತಲೆ ಆಡಿಸ್ತಾ ಕೂತಿದ್ರು. ಮೇವಿನ ಕೋಣೆಯಲ್ಲಿ ಟೀ, ಕಾಫಿ, ಚಾಕೊಲೇಟ್ ಇಡಬಾರದು ಅನ್ನೋ ಸಾಲು ಬಂತು. ನಾನು ಓದಲಿಲ್ಲ. ಹಾರಿಸಿ ಮುಂದಿನ ಸಾಲಿಗೆ ಹೋದೆ.

ಹೌದು, ಹಾರಿಸ್ದೆ. ಇದನ್ನ ಬರೆಯೋಕೇ ಇಷ್ಟು ದಿನ ಬೇಕಾಯ್ತು.

ರಾತ್ರಿ ಹೊದಿಕೆ ಒಳಗೆ ಫೋನಲ್ಲಿ ಹುಡುಕಿದೆ. ಥಿಯೋಬ್ರೋಮಿನ್ ಕುದುರೆ ಮೈಯಿಂದ ನಿಧಾನವಾಗಿ ಹೋಗುತ್ತೆ, ಮೂತ್ರದಲ್ಲಿ ದಿನಗಟ್ಟಲೆ ಸಿಗಬಹುದು. ನಾನು ಲೆಕ್ಕ ಹಾಕಿದೆ. ಎರಡೇ ತುಂಡು. ನಾಲ್ಕು ದಿನ ಆಗಿರುತ್ತೆ. ಎಲ್ಲಾ ಕುದುರೆಗೂ ಪರೀಕ್ಷೆ ಮಾಡಲ್ಲ. ಸಿಕ್ಕಿಬೀಳೋ ಸಾಧ್ಯತೆ ತುಂಬಾ ಕಮ್ಮಿ. ಸುಮ್ಮನಿದ್ರೆ ಯಾರಿಗೂ ಗೊತ್ತಾಗಲ್ಲ.

ಆದ್ರೆ ಸಿಕ್ಕಿದ್ರೆ? ಮೊದಲು ಕೇಳೋದು ಯಾರನ್ನ? ಮೇವು ಹಾಕೋರನ್ನ. ಅಪ್ಪ "ನಾನೇನೂ ಕೊಟ್ಟಿಲ್ಲ" ಅಂತಾರೆ. ನಿಜಾನೇ ಹೇಳ್ತಿರ್ತಾರೆ. ಯಾರೂ ನಂಬಲ್ಲ.

ನಾಲ್ಕೂವರೆಗೆ ಅಪ್ಪ ಎದ್ದು ಹುಲ್ಲು ತೂಗೋಕೆ ಹೋದ್ರು. ನಾನೂ ಹಿಂದೆ ಹೋದೆ. ಹೇಳ್ದೆ. ಬೈತಾರೆ ಅಂದ್ಕೊಂಡಿದ್ದೆ. ಅಪ್ಪ ತಕ್ಕಡಿ ಕೆಳಗಿಟ್ಟು ಎರಡೇ ಪ್ರಶ್ನೆ ಕೇಳಿದ್ರು. "ಯಾವತ್ತು? ಎಷ್ಟು?" ಆಮೇಲೆ ಕೆಂಪು ರಿಜಿಸ್ಟರ್ ತೆಗೆದು ಬರೆದ್ರು. ನೀವು ಮೊದಲನೇ ಫೋಟೊದಲ್ಲಿ ನೋಡಿದ ಸಾಲು ಅದು.

ಬರೆದು ಮುಗಿಸಿ, "ಬಾ, ಅಕ್ಕನಿಗೆ ಹೇಳೋಣ. ನೀನೇ ಹೇಳು" ಅಂದ್ರು.

ಭಾಗ 8/9

ಅಕ್ಕ ಡಾಕ್ಟ್ರಿಗೆ ಫೋನ್ ಮಾಡಿದ್ರು. "ಇರಲೂಬಹುದು, ಇಲ್ಲದೇನೂ ಇರಬಹುದು, ನಾನು ಗ್ಯಾರಂಟಿ ಕೊಡೋಕಾಗಲ್ಲ" ಅಂದ್ರಂತೆ ಅವರು. ಅಕ್ಕ ಹತ್ತು ನಿಮಿಷ ಕಾವೇರಿ ಪಕ್ಕ ನಿಂತಿದ್ರು. ಆಮೇಲೆ ಹೆಸರು ವಾಪಸ್ ತಗೊಂಡ್ರು. ಗೊತ್ತಿಲ್ಲದೇ ಓಡೋದು ಬೇರೆ, ಗೊತ್ತಿದ್ದೂ ಓಡೋದು ಬೇರೆ ಅಂದ್ರು. ನನ್ನ ಮುಖ ನೋಡಲಿಲ್ಲ. ಒಂದು ತಿಂಗಳು ನನ್ನ ಜೊತೆ ಮಾತಾಡಲಿಲ್ಲ.

ಶಾಲೆ ನಡೆಸೋರು ಅಪ್ಪನ ಆ ತಿಂಗಳ ಸಂಬಳದಲ್ಲಿ ಎಂಟ್ರಿ ಫೀ ಹಿಡ್ಕೊಂಡ್ರು. "ಕೊಟ್ಟಿದ್ದು ನಾನು" ಅಂತ ನಾನು ಹೇಳೋಕೆ ಹೋದೆ. ಅಪ್ಪ ತಡೆದ್ರು. "ಮೇವಿನ ಕೋಣೆ ನನ್ನದು. ಬಾಗಿಲು ತೆರೆದಿತ್ತು ಅಂದ್ರೆ ಅದೂ ನನ್ನ ಲೆಕ್ಕವೇ."

ಆಮೇಲೆ ನಾನು ಮಾಡಿದ ಕೆಲಸ ಒಂದೇ. ಆ ಪ್ರಿಂಟ್‌ಔಟನ್ನ ಪೂರ್ತಿ, ಒಂದು ಸಾಲೂ ಹಾರಿಸದೆ, ಕನ್ನಡಕ್ಕೆ ತಂದು ಮೇವಿನ ಕೋಣೆ ಗೋಡೆಗೆ ಅಂಟಿಸ್ದೆ. ಎರಡನೇ ಫೋಟೊ ಅದೇ. ಓದೋಕೆ ಆಗದಿದ್ರೆ ಇಲ್ಲಿದೆ:

ಬಂದ ಪ್ರತಿ ಮೂಟೆಯ ಬ್ಯಾಚ್ ನಂಬರ್, ತಾರೀಖು ಬರೀಬೇಕು. ಖಾಲಿ ಆಗೋವರೆಗೂ ಲೇಬಲ್ ಬಿಸಾಕಬಾರದು.

ಪ್ರತಿ ಮೂಟೆಯಿಂದ ಒಂದು ಹಿಡಿ ತೆಗೆದು, ಚೀಟಿ ಅಂಟಿಸಿ ಎತ್ತಿಡಬೇಕು. ನಾಳೆ ಪ್ರಶ್ನೆ ಬಂದ್ರೆ ಇದೇ ಸಾಕ್ಷಿ.

ಔಷಧಿ ಕಲಸೋ ಬಕೆಟ್ ಬೇರೆ, ಮೇವಿನ ಬಕೆಟ್ ಬೇರೆ. ಬಣ್ಣ ಬೇರೆ ಇರಲಿ.

ಔಷಧಿ ಮುಟ್ಟಿದ ಕೈ ತೊಳೀದೆ ಇನ್ನೊಂದು ಕುದುರೆ ಮುಟ್ಟಬಾರದು.

ಔಷಧಿ ತಗೊಳ್ತಿರೋ ಕುದುರೆಯ ಜಾಗಕ್ಕೆ ಸ್ಪರ್ಧೆ ಕುದುರೆ ಕಟ್ಟೋ ಮುಂಚೆ ಹಾಸಿದ ಹುಲ್ಲು ಪೂರ್ತಿ ತೆಗೀಬೇಕು. ಮೂತ್ರ ಬಿದ್ದ ಹುಲ್ಲು ತಿಂದ್ರೂ ಔಷಧಿ ಮೈಗೆ ಸೇರುತ್ತೆ.

ಲಾಯದೊಳಗೆ ಮನುಷ್ಯರು ಮೂತ್ರ ಮಾಡಬಾರದು. ನಗಬೇಡಿ, ಅದೇ ಕಾರಣ.

ಟೀ, ಕಾಫಿ, ತಿಂಡಿ ಹೊರಗೆ.

ಲೇಬಲ್ ಇಲ್ಲದ ಪುಡಿ, "ನ್ಯಾಚುರಲ್" ಅಂತ ಬರೆದ ಟಾನಿಕ್, ಯಾರೋ ಕೊಟ್ಟ ಬೇರು: ಬೇಡ. ವಲೇರಿಯನ್ ಬೇರು ಕೂಡ ನ್ಯಾಚುರಲ್ಲೇ. ಆದ್ರೆ ಪಟ್ಟಿಯಲ್ಲಿದೆ.

ಬ್ರಿಟನ್ನಲ್ಲಿ ಇದಕ್ಕಂತಲೇ ನಾಪ್ಸ್ ಅನ್ನೋ ವ್ಯವಸ್ಥೆ ಇದೆ. ಗಸಗಸೆ, ಕೋಕೋ ಥರದ್ದು ಮೇವಿಗೆ ಸೇರದ ಹಾಗೆ ಕಾರ್ಖಾನೆಯಲ್ಲೇ ನಿಗಾ ಇಡ್ತಾರೆ, ಮೂಟೆ ಮೇಲೆ ಗುರುತು ಇರುತ್ತೆ. ಅದೂ ಅಪಾಯ ಕಮ್ಮಿ ಮಾಡುತ್ತೆ ಅಷ್ಟೇ, ಇಲ್ಲ ಅನ್ನಲ್ಲ.

ಆಡಿಟಿಂಗ್ ಕ್ಲಾಸಲ್ಲಿ ವೌಚಿಂಗ್ ಪಾಠ ಆಗೋವಾಗ ನಾನು ನಗ್ತಿದ್ದದ್ದು ನೋಡಿ ಪಕ್ಕದಲ್ಲಿದ್ದವಳು ಯಾಕೆ ಅಂದ್ಲು. ಪ್ರತಿ ಎಂಟ್ರಿಗೂ ಒಂದು ದಾಖಲೆ ಇರಬೇಕು, ದಾಖಲೆ ಇಲ್ಲದ ಎಂಟ್ರಿ ನಂಬಬಾರದು. ನಮ್ಮಪ್ಪ ಏಳನೇ ಕ್ಲಾಸ್. ಇದನ್ನ ಇಪ್ಪತ್ತು ವರ್ಷದಿಂದ ಮಾಡ್ತಿದ್ದಾರೆ.

ಭಾಗ 9/9

ಕೊನೇ ಭಾಗ. ಕೊನೇ ಫೋಟೊ.

ಐದು ತಿಂಗಳಾದ ಮೇಲೆ ಇನ್ನೊಂದು 40 ಕಿ.ಮೀ. ಸ್ಪರ್ಧೆ ಬಂತು. ಅಕ್ಕ ಒಂದು ಸಂಜೆ ನಮ್ಮ ಮನೆ ಬಾಗಿಲಿಗೆ ಬಂದು, "ಅಣ್ಣ, ವಿಶ್ರಾಂತಿ ಸಮಯದಲ್ಲಿ ಲೆಕ್ಕ ಬರ್ಕೊಳ್ಳೋಕೆ ಒಬ್ರು ಬೇಕು. ಇವಳನ್ನ ಕಳ್ಸ್ತೀರಾ?" ಅಂತ ಅಪ್ಪನನ್ನ ಕೇಳಿದ್ರು. ನನ್ನ ಕಡೆ ನೋಡಿ, "ಬ್ಯಾಗ್ ಚೆಕ್ ಮಾಡ್ತೀನಿ" ಅಂದ್ರು. ಒಂದು ಕ್ಷಣ ಬೇಕಾಯ್ತು ನನಗೆ ಅದು ಜೋಕ್ ಅಂತ ಅರ್ಥ ಆಗೋಕೆ.

ಆ ದಿನ ನನ್ನ ಕೈಯಲ್ಲಿ ಇದ್ದದ್ದು ಒಂದು ಪ್ಯಾಡ್, ಒಂದು ಪೆನ್ನು. ಕಾವೇರಿ ಎಷ್ಟು ನೀರು ಕುಡೀತು, ಎಷ್ಟು ಹುಲ್ಲು ತಿಂತು, ಉಪ್ಪು ಎಷ್ಟು ಗಂಟೆಗೆ, ಎದೆಬಡಿತ ಎಷ್ಟಕ್ಕೆ ಇಳೀತು. ಅಪ್ಪ ತಣ್ಣೀರು ಹಾಕ್ತಿದ್ರು, ಅಕ್ಕ ಜೀನು ಬಿಚ್ತಿದ್ರು, ನಾನು ಬರೀತಿದ್ದೆ. ಕಾವೇರಿ ಗೆಲ್ಲಲಿಲ್ಲ. ತುಂಬಾ ಜನಕ್ಕಿಂತ ಹಿಂದೆ ಬಂತು. ಕೊನೇ ತಪಾಸಣೆಯಲ್ಲಿ ಡಾಕ್ಟ್ರು ಹೊಟ್ಟೆಗೆ ಸ್ಟೆತಸ್ಕೋಪ್ ಇಟ್ಟು ಒಂದು ಕಡೆ ಕೇಳಿ, ಇನ್ನೊಂದು ಕಡೆ ಕೇಳಿ, ತಲೆ ಆಡಿಸಿದ್ರು. ಪಾಸ್. ಅಪ್ಪ ಆಚೆ ತಿರುಗಿ ಟವೆಲಿಂದ ಮುಖ ಒರೆಸ್ಕೊಂಡ್ರು. ಬೆವರು ಅಂತ ಹೇಳಿದ್ರು.

ಆಮೇಲೆ ಕಾವೇರಿಗೆ ಬಹುಮಾನ ಏನು ಗೊತ್ತಾ? ಕ್ಯಾರೆಟ್. ನಾನೇ ತಿನ್ನಿಸಿದ್ದು. ತಿನ್ನಿಸಿದ ಮೇಲೆ ಬರೆದೆ: ಕ್ಯಾರೆಟ್ ಮೂರು, ಕೊಟ್ಟವರು ನಾನು.

ಇದನ್ನೆಲ್ಲ ನಿಮಗೆ ಯಾಕೆ ಹೇಳಿದೆ ಅಂದ್ರೆ, ನಿಮ್ಮಲ್ಲಿ ಯಾರೂ ಕುದುರೆ ಸಾಕಲ್ಲ ಅಂತ ಗೊತ್ತು. ಆದ್ರೆ ನಮ್ಮ ಕ್ಲಾಸಲ್ಲೇ ಕಬಡ್ಡಿ ಆಡೋರಿದ್ದೀರ, ಯೂನಿವರ್ಸಿಟಿ ಮೀಟ್‌ಗೆ ಓಡೋರಿದ್ದೀರ, ಜಿಮ್ಮಲ್ಲಿ ಯಾರೋ ಕೊಟ್ಟ ಡಬ್ಬಿ ಪುಡಿ ಕುಡಿಯೋರಿದ್ದೀರ. ಮನುಷ್ಯರ ಕ್ರೀಡೆಯಲ್ಲೂ ಇದೇ ನಿಯಮ: ಮೈಯಲ್ಲಿ ಸಿಕ್ಕಿದ್ದಕ್ಕೆ ನೀವೇ ಹೊಣೆ. ನಿಮಗೆ ಕೊನೇ ಪಕ್ಷ ಲೇಬಲ್ ಓದೋಕೆ ಬರುತ್ತೆ, ಬೇಡ ಅನ್ನೋಕೆ ಬಾಯಿದೆ. ಕಾವೇರಿಗೆ ಎರಡೂ ಇರಲಿಲ್ಲ. ಅದು ಕೈಯಲ್ಲಿಟ್ಟಿದ್ದನ್ನ ನಂಬಿ ತಿಂತು, ಅಷ್ಟೇ.

ಇನ್ನೊಂದು ವಿಷಯ. ಮೊನ್ನೆ ಕಾಲೇಜಿನ ಫಾರ್ಮಲ್ಲಿ ತಂದೆಯ ಉದ್ಯೋಗ ಅನ್ನೋ ಕಾಲಂ ಇತ್ತು. ಇಷ್ಟು ವರ್ಷ "ಖಾಸಗಿ ಕೆಲಸ" ಅಂತ ಬರೀತಿದ್ದೆ. ಈ ಸಲ "ಸೈಸ್" ಅಂತ ಬರೆದೆ. ಅದೂ ಒಂದು ಬಿಟ್ಟುಹೋಗಿದ್ದ ಎಂಟ್ರಿ.

ಆ ಚಾಕೊಲೇಟ್ ವಿಡಿಯೊ ಡಿಲೀಟ್ ಮಾಡಿಲ್ಲ. ನನ್ನ ಫೋನಲ್ಲೇ ಇದೆ. ಇರ್ಲಿ.

#ಲಾಯದಲೆಕ್ಕ #ಕುದುರೆ #ಎಂಡ್ಯೂರೆನ್ಸ್ #ಅಪ್ಪನರಿಜಿಸ್ಟರ್ #ಬಿಕಾಂಹುಡುಗಿ